ಬೇಸಿಗೆಯಲ್ಲಿ ಬಿಸಿಗಾಳಿ

ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ದೊಡ್ಡತಿಮ್ಮಪ್ಪನ ಕಾರಿನಲ್ಲಿ ಬಿಸಿಗಾಳಿ ಊದುವ ಯಂತ್ರವೊಂದು ಇದೆ ಎಂಬುದು ದೊಡ್ಡತಿಮ್ಮಪ್ಪನಿಗೇ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವಳು ಅವನ ಹೆಂಡತಿ ಜಯಕ್ಕ.

ಕಾರು ಮನೆಗೆ ಬಂದದ್ದು ಎಪ್ಪತ್ತೇಳನೇ ಇಸವಿಯಲ್ಲಿ, ದೀಪಾವಳಿ ಕಳೆದ ಮೇಲೆ. ಹಿರಿಯೂರಿನ ಹೊರಗೆ ತೋಟ ಮಾಡಿಕೊಂಡಿದ್ದ ಮಿಲಿಟರಿ ಡಾಕ್ಟರೊಬ್ಬರು ಎಲ್ಲವನ್ನೂ ಮಾರಿ ಮೈಸೂರು ಸೇರುವವರಿದ್ದರು. ಅವರು ಊಟಿಯಲ್ಲಿದ್ದಾಗ ಕೊಂಡಿದ್ದ ವಿಲಾಯಿತಿ ಕಾರು ಅದು. ಬೂದು ಬಣ್ಣ, ಆಮೆಯ ಬೆನ್ನಿನಂಥ ಮೇಲ್ಭಾಗ, ಒಳಗೆ ಕೂತರೆ ಹಳೇ ಚರ್ಮದ ವಾಸನೆ. ಪೇಟೆಬೀದಿ ಬಂದಾಗ ನಿಧಾನಕ್ಕೆ ಓಡಿಸು ಎಂದು ದೊಡ್ಡತಿಮ್ಮಪ್ಪ ಡ್ರೈವರ್ ಪಾಲಯ್ಯನಿಗೆ ಮೊದಲೇ ಹೇಳಿಟ್ಟಿದ್ದ. ಜನ ನೋಡಲಿ ಅಂತ. ಜನ ನೋಡಿದರು. ಕೆಲವರು ಮನೆತನಕ ಹಿಂದೆಯೇ ಬಂದು ಸೀಟು ಒತ್ತಿ ನೋಡಿ ಹೋದರು.

ಜಯಕ್ಕನಿಗೆ ಒಂದು ವಸ್ತು ಕೈಗೆ ಸಿಕ್ಕರೆ ಅದು ಯಾಕೆ ಹಾಗಿದೆ ಎಂದು ತಿಳಿಯುವ ತನಕ ಊಟ ಸೇರುತ್ತಿರಲಿಲ್ಲ. ಹೊಲಿಗೆ ಮೆಷಿನ್ ಬಂದ ದಿನವೇ ಅದನ್ನು ಬಿಚ್ಚಿ, ಕೆಳಗಿನ ದಾರ ಮೇಲಿನ ದಾರವನ್ನು ಎಲ್ಲಿ ಹಿಡಿಯುತ್ತದೆ ಎಂದು ನೋಡಿದ್ದಳು. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಉಳಿದುಹೋಗಿತ್ತು. ಮೆಷಿನ್ ಏನೋ ಸುಮ್ಮನೆ ಹೊಲಿಯುತ್ತಲೇ ಇತ್ತು. ಆ ಸ್ಕ್ರೂ ಎಲ್ಲಿಯದು ಎಂಬ ಯೋಚನೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಅಂಥವಳು ಕಾರಿನ ಮುಂದಿನ ಸೀಟಿನಲ್ಲಿ ಕೂತ ಕೂಡಲೇ ಮೊಣಕಾಲಿಗೆ ತಾಗಿದ ಗುಂಡಿಯನ್ನು ಬಿಡುತ್ತಾಳೆಯೆ? ಡ್ಯಾಶ್‌ಬೋರ್ಡಿನ ಕೆಳಗೆ, ಕತ್ತಲೆಯಲ್ಲಿ, ಹಳೇ ದಂತದ ಬಣ್ಣದ ಗುಂಡಿ.

“ಇದೇನ್ರಿ?”

“ಅದನ್ನ ಮುಟ್ಬ್ಯಾಡ,” ಎಂದ ದೊಡ್ಡತಿಮ್ಮಪ್ಪ ಹಿಂದಿನಿಂದ. “ಕಿತ್ಕಂಡು ಬಂದ್ರೆ ಸಾಮಾನು ಸಿಗಾದಿಲ್ಲ.”

“ಏನಂತ ಗೊತ್ತಾದ್ರೆ ತಾನೆ ಮುಟ್ಬೇಕೋ ಬ್ಯಾಡ್ವೋ ಗೊತ್ತಾಗದು?”

ಪಾಲಯ್ಯ ರಸ್ತೆ ನೋಡುತ್ತ ಮೀಸೆಯಲ್ಲೇ ನಕ್ಕ.

ಸಂಕ್ರಾಂತಿ ಹತ್ತಿರ ಬಂದಿತ್ತು. ದೊಡ್ಡತಿಮ್ಮಪ್ಪನ ತಮ್ಮ ಚಿಕ್ಕತಿಮ್ಮಪ್ಪ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಮೇಷ್ಟರು. ಅವನಿಗೆ ಚಿತ್ರದುರ್ಗದಲ್ಲಿ ಒಂದು ಹೆಣ್ಣು ಗೊತ್ತಾಗುವ ಹಾಗಿತ್ತು. ಮಾತುಕತೆಗೆಂದು ಗಂಡ ಹೆಂಡತಿ ಬೆಳಗಾಗುತ್ತಲೇ ಕಾರಿನಲ್ಲಿ ಹೊರಟರು. ತೆಂಗಿನ ತೋಟಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಿಟಕಿ ಮುಚ್ಚಿದರೂ ಚಳಿ ಎಲ್ಲಿಂದಲೋ ನುಸುಳಿ ಪಾದ ಕಚ್ಚುತ್ತಿತ್ತು. ದೊಡ್ಡತಿಮ್ಮಪ್ಪ ಕಂಬಳಿ ಹೊದ್ದು ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಇದೇ ಸಮಯವೆಂದು ಜಯಕ್ಕ ಗುಂಡಿಯನ್ನು ಎಳೆದಳು. ಏನೂ ಆಗಲಿಲ್ಲ. ತಿರುಗಿಸಿದಳು. ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಫ್ಯಾನೊಂದು ಗುಂಯ್‌ಗುಟ್ಟಿತು. ಮೊದಲು ಧೂಳು, ಆಮೇಲೆ ಒಂದು ಒಣಗಿದ ಜಿರಳೆ ರೆಕ್ಕೆ ಅವಳ ಪಾದದ ಮೇಲೆ ಬಿತ್ತು. ಹಿಂದೆಯೇ ತಣ್ಣನೆ ಗಾಳಿ. ಥೂ, ಚಳಿಯೊಳಗೆ ಚಳಿ ಎಂದುಕೊಂಡು ಗುಂಡಿ ಒತ್ತಬೇಕು ಎನ್ನುವಷ್ಟರಲ್ಲಿ ಗಾಳಿ ಬೆಚ್ಚಗಾಯಿತು. ನೋಡನೋಡುತ್ತ ಒಲೆಯ ಮುಂದೆ ಕಾಲು ಚಾಚಿ ಕೂತ ಹಾಗಾಯಿತು.

ದೊಡ್ಡತಿಮ್ಮಪ್ಪ ಕಂಬಳಿ ಸರಿಸಿ ಎದ್ದ. “ಎಲ್ಲಿಂದ ಬರ್ತಾ ಐತೆ ಇದು?”

“ಅದನ್ನೇ ನಾನೂ ಕೇಳಿದ್ದು ಅವತ್ತು,” ಎಂದಳು ಜಯಕ್ಕ.

ಹೆಣ್ಣಿನ ಮನೆಯಲ್ಲಿ ಮಾತು ಚೆನ್ನಾಗಿ ನಡೆಯಿತು. ಆಮೇಲೆ ಒಪ್ಪಂದ, ವೀಳ್ಯಶಾಸ್ತ್ರ, ಜವಳಿ ಎಂದು ಚಿತ್ರದುರ್ಗದ ಓಡಾಟ ಹೆಚ್ಚಿತು. ಪ್ರತಿ ಸಲವೂ ಬೆಳಗಿನ ಪಯಣ, ಪ್ರತಿ ಸಲವೂ ಬಿಸಿಗಾಳಿ. ಆಗಲೇ ಜಯಕ್ಕನ ಕಣ್ಣು ಇನ್ನೊಂದರ ಮೇಲೆ ಬಿತ್ತು. ಸ್ಟಿಯರಿಂಗ್ ಪಕ್ಕದಲ್ಲಿ ಗಡಿಯಾರದ ಮುಖದಂಥದ್ದೊಂದು ಇತ್ತು. ಅದರ ಮುಳ್ಳು ಹೊರಡುವಾಗ ಎಡಗಡೆ ಮಲಗಿರುತ್ತಿತ್ತು. ಹೋಗುತ್ತ ಹೋಗುತ್ತ ಎದ್ದು ನಡುವಿಗೆ ಬಂದು ನಿಲ್ಲುತ್ತಿತ್ತು. ಬಲತುದಿಯಲ್ಲಿ ಕೆಂಪು ಗೆರೆ.

“ಅದು ಇಂಜಿನ್ ನೀರಿನ ಬಿಸಿ ಅಕ್ಕ,” ಎಂದ ಪಾಲಯ್ಯ. “ಕೆಂಪಿಗೆ ಹೋಗಬಾರದು. ನಡುವೆ ಇದ್ರೆ ಆರೋಗ್ಯ.”

“ಇವತ್ತು ಯಾಕೆ ಏಳಾದಕ್ಕೆ ಇಷ್ಟು ಸೋಮಾರಿತನ ಮಾಡ್ತಾ ಐತೆ?”

ಪಾಲಯ್ಯನೂ ಅದನ್ನು ಗಮನಿಸಿದ್ದ. ಅವನೂ ಕುತೂಹಲದ ಮನುಷ್ಯನೇ, ಆದರೆ ಯಜಮಾನರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅವತ್ತು ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಒಂದು ದಿನ ಹೊರಡುತ್ತಲೇ ಗುಂಡಿ ಎಳೆಯುವುದು, ಇನ್ನೊಂದು ದಿನ ಮುಟ್ಟದೆ ಇರುವುದು, ಮುಳ್ಳು ನಡುವಿಗೆ ಬರುವಾಗ ಕಾರು ಎಲ್ಲಿದೆ ಎಂದು ನೋಡುವುದು. ಗುಂಡಿ ಮುಟ್ಟದ ದಿನ ಊರಾಚೆಯ ಕೆರೆ ಏರಿ ದಾಟುವ ಮೊದಲೇ ಮುಳ್ಳು ನಡುವಿಗೆ ಬಂತು. ಎಳೆದ ದಿನ ಕೆರೆ ದಾಟಿ, ಹುಣಸೆಮರದ ಸಾಲು ಮುಗಿದರೂ ಅದು ಇನ್ನೂ ಎಡಕ್ಕೇ ವಾಲಿಕೊಂಡಿತ್ತು. ಮತ್ತೆ ಮತ್ತೆ ನೋಡಿದರು. ಹಾಗೆಯೇ ಆಯಿತು.

“ನಮ್ಮ ಕಾಲಿಗೆ ಬರಾ ಬಿಸಿ ಇಂಜಿನ್ನಿಂದೇ ಬರ್ತಾ ಐತೆ,” ಎಂದಳು ಜಯಕ್ಕ. “ಅದರ ಪಾಲನ್ನ ನಾವು ಉಣ್ತಾ ಇದೀವಿ. ಅದಕ್ಕೇ ಅದು ಏಳಾದು ತಡ.”

“ಹಂಗಾದ್ರೆ ಅದನ್ನ ಉಪವಾಸ ಕೆಡವಬ್ಯಾಡ,” ಎಂದ ದೊಡ್ಡತಿಮ್ಮಪ್ಪ. ತಮಾಷೆಗೆ ಹೇಳಿದ್ದೇನೋ ಹೌದು, ಆದರೆ ಕಾರಿಗೆ ಏನಾದರೂ ಆದೀತೆಂಬ ಅಳುಕು ಅವನ ದನಿಯಲ್ಲಿತ್ತು.

ಆ ಅಳುಕಿನಿಂದಲೇ ಅವನು ಕಾರನ್ನು ಚಿತ್ರದುರ್ಗದ ಸಂತೆಹೊಂಡದ ಹತ್ತಿರ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಹಾಲಸ್ವಾಮಿಯ ಹತ್ತಿರ ಒಯ್ದ. ಹಾಲಸ್ವಾಮಿ ಬಾನೆಟ್ ಎತ್ತಿ, ಇಂಜಿನ್ನಿನಿಂದ ಕಾರಿನ ಒಳಗೆ ಹೋಗುವ ಎರಡು ರಬ್ಬರ್ ಪೈಪು ತೋರಿಸಿದ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, “ನೋಡ್ರಿ, ಇಲ್ಲೊಂದು ಮರಿ ರೇಡಿಯೇಟರ್ ಐತೆ,” ಎಂದ. “ಮುಂದೆ ದೊಡ್ಡದು ಐತಲ್ಲ, ಅಂಥದ್ದೇ. ಇಂಜಿನ್ ಬಿಸಿನೀರು ಒಂದು ಪೈಪಿನಾಗೆ ಒಳಗೆ ಬಂದು, ಇದರಾಗೆ ಸುತ್ತಿ, ಇನ್ನೊಂದರಾಗೆ ವಾಪಸ್ ಹೋಗ್ತೈತೆ. ಫ್ಯಾನು ಅದರ ಮೇಲೆ ಗಾಳಿ ಊದ್ತೈತೆ. ನಮ್ಮ ಸೀಮೆಗೆ ಇದ್ಯಾಕ್ರಿ ಯಜಮಾನ್ರೆ? ಪೈಪು ಕಿತ್ತು ಬಿರಡೆ ಹಾಕಿಬಿಡ್ತೀನಿ.”

“ಕೀಳಬ್ಯಾಡ್ರಿ,” ಎಂದಳು ಜಯಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೂ ಬಗ್ಗಿ ನೋಡಿದಳು. ಪೈಪುಗಳನ್ನು ಒಂದೊಂದಾಗಿ ಮುಟ್ಟಿದಳು. ಒಳಗೆ ಹೋಗುವುದು ಕೈ ಇಡಲಾಗದಷ್ಟು ಸುಡುತ್ತಿತ್ತು. ಹೊರಗೆ ಬರುವುದು ಸುಡುತ್ತಿದ್ದರೂ ಬೆರಳು ತಡೆದುಕೊಂಡವು. ಬಿಸಿ ಮುದ್ದೆಯನ್ನು ಮುರಿದು ತಟ್ಟೆಯಲ್ಲಿ ಅಗಲ ಮಾಡಿದರೆ ಬೇಗ ಆರುವುದಿಲ್ಲವೆ, ಹಾಗೇ ನೀರನ್ನೂ ಸಣ್ಣ ಸಣ್ಣ ಕೊಳವೆಯಲ್ಲಿ ಹರಡಿದ್ದಾರೆ ಎಂದುಕೊಂಡಳು. ಆದರೂ ಒಂದು ಸಂಶಯ ಉಳಿಯಿತು. “ಬೆಳಿಗ್ಗೆ ಹೊರಡಾವಾಗ ಮುಳ್ಳು ತಡವಾಗಿ ಏಳಾದು ಸರಿ. ನಡುವಿಗೆ ಬಂದು ನಿಂತ ಮೇಲೆ ಗುಂಡಿ ಎಳೆದ್ರೆ ಅಷ್ಟಾಗಿ ಇಳಿಯಾದೇ ಇಲ್ಲ. ಅದ್ಯಾಕೆ?”

ಹಾಲಸ್ವಾಮಿ ಇಂಜಿನ್ನಿನ ಮೂತಿಯ ಮೇಲೆ ಬೆರಳಿಟ್ಟ. “ಇಲ್ಲೊಂದು ಮುಚ್ಚಳ ಐತಕ್ಕ, ಥರ್ಮೋಸ್ಟಾಟ್ ಅಂತಾರೆ. ನೀರು ಬಿಸಿಯಾದಷ್ಟೂ ಬಾಯಿ ಬಿಟ್ಟು ದೊಡ್ಡ ರೇಡಿಯೇಟರಿಗೆ ಕಳಿಸ್ತೈತೆ. ನೀವು ಇಲ್ಲಿ ಒಂದಿಷ್ಟು ಬಿಸಿ ತಗಂಡ್ರೆ ಅದು ಅಷ್ಟು ಬಾಯಿ ಮುಚ್ಕಂತೈತೆ. ಲೆಕ್ಕ ಸರಿ ಹೋಯ್ತಲ್ಲ.”

“ಅದರ ಬಾಯಿ ಪೂರ್ತಿ ಬಿಟ್ಟು, ಆದ್ರೂ ಬಿಸಿ ಏರ್ತಾನೇ ಇದ್ರೆ? ಆಗ ಗುಂಡಿ ಎಳೆದ್ರೆ ಮುಳ್ಳು ಇಳೀತೈತಾ?”

ಹಾಲಸ್ವಾಮಿ ತಲೆ ಕೆರೆದುಕೊಂಡ. ಅವನಿಗೆ ಪ್ರಶ್ನೆ ಹಿಡಿಸಿತು. “ಇಳೀಬೇಕು ನೋಡ್ರಿ. ಆದ್ರೆ ನಾನು ನೋಡಿಲ್ಲ. ಉರಿಬಿಸಿಲಾಗೆ ಯಾರು ಕುಂತು ಬಿಸಿಗಾಳಿ ಹಾಕ್ಕಂತಾರೆ?”

ಹೀಗೆ ಪೈಪು ಉಳಿಯಿತು.

ಮದುವೆ ನಿಶ್ಚಯವಾದದ್ದು ಬಸವ ಜಯಂತಿ ಕಳೆದ ವಾರಕ್ಕೆ, ಚಿತ್ರದುರ್ಗದ ಒಂದು ಛತ್ರದಲ್ಲಿ. ಮುಹೂರ್ತ ನಡುಮಧ್ಯಾಹ್ನಕ್ಕೆ. ದಿಬ್ಬಣದ ಬಸ್ಸು ಮುಂಜಾನೆಯೇ ಹೊರಟುಹೋಯಿತು. ಮದುಮಗ ಕಾರಿನಲ್ಲೇ ಬರಬೇಕೆಂದು ದೊಡ್ಡತಿಮ್ಮಪ್ಪನ ಆಸೆ. ಆದರೆ ಮನೆದೇವರ ಪೂಜೆ, ಹಿರಿಯರ ಪಾದಕ್ಕೆ ಬೀಳುವುದು, ವಿಧುರ ಮುದುಕ ಎದುರು ಬಂದದ್ದು ಅಪಶಕುನವೆಂದು ಮತ್ತೆ ಒಳಗೆ ಹೋಗಿ ಕೂತು ಏಳುವುದು, ಎಲ್ಲ ಮುಗಿದು ಕಾರು ಹೊರಟಾಗ ಬಿಸಿಲು ಏರಿತ್ತು. ಮುಂದೆ ಪಾಲಯ್ಯನ ಪಕ್ಕದಲ್ಲಿ ಜಯಕ್ಕ. ಹಿಂದೆ ನಡುವೆ ಮದುಮಗ ಚಿಕ್ಕತಿಮ್ಮಪ್ಪ, ರೇಷ್ಮೆ ಪಂಚೆ, ಕೋಟು, ಜರಿಪೇಟ. ಅವನ ಒಂದು ಪಕ್ಕ ಅಣ್ಣ, ಇನ್ನೊಂದು ಪಕ್ಕ ಸೋದರತ್ತೆ ಏಕಾಂತಮ್ಮ. ಏಕಾಂತಮ್ಮನ ತೊಡೆಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ಹೂವಿನ ಹಾರಗಳು.

ಹೊಳಲ್ಕೆರೆ ದಾಟುವ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ರಸ್ತೆ ಗುಡ್ಡಗಳ ನಡುವೆ ಏರತೊಡಗಿತು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಕಾರಿನ ಧೂಳು ಕಾರಿನ ಜೊತೆಯಲ್ಲೇ ಬರುತ್ತಿತ್ತು. ಮುಂದೆ ಬೂದುಗುಂಬಳ ಹೇರಿದ ಒಂದು ಲಾರಿ ನರಳುತ್ತ ಹತ್ತುತ್ತಿತ್ತು. ಪಾಲಯ್ಯ ಅದರ ಹಿಂದೆ ಸಣ್ಣ ಗೇರಿನಲ್ಲಿ ತೆವಳಬೇಕಾಯಿತು. ಜಯಕ್ಕನ ಕಣ್ಣು ಅಭ್ಯಾಸದಂತೆ ಮುಳ್ಳಿನ ಮೇಲೆ ಹೋಯಿತು. ಅದು ನಡುವೆ ಇರಲಿಲ್ಲ. ಬಲಕ್ಕೆ ಸರಿದಿತ್ತು.

“ಪಾಲಯ್ಯ.”

“ನೋಡಿದೆ ಅಕ್ಕ. ನಿಲ್ಲಿಸಿ ಆರಲಿ ಅಂದ್ರೆ ಹೊತ್ತಾಗ್ತೈತೆ. ರೇಡಿಯೇಟರ್ ಮೇಲೆ ಒಂದಿಷ್ಟು ನೀರು ಹುಯ್ದುಬಿಡಾಣ. ಹಿಂದೆ ಡಬ್ಬದಾಗೆ ತುಂಬಿಟ್ಟಿದೀನಿ.”

ಏಕಾಂತಮ್ಮ ಹೂವಿನ ಮೇಲೆ ಕೈಯಾಡಿಸುತ್ತ ತಣ್ಣಗೆ ಹೇಳಿದಳು. “ಆ ತಗಡಿನ ಡಬ್ಬದ್ದೇನಪ್ಪ? ಅದನ್ನ ಹೊರಡಾವಾಗಲೇ ಹಾರಕ್ಕೆ ಚಿಮುಕಿಸ್ದೆ. ಮಿಕ್ಕಿದ್ದು ವೀಳ್ಯದೆಲೆಗೆ ಹಾಕ್ದೆ. ಬಾಡ್ತಿದ್ವು.”

ಕಾರಿನೊಳಗೆ ಹೂವು ಮಾತ್ರ ಘಮ್ಮೆನ್ನುತ್ತಿತ್ತು.

“ಸುತ್ತಮುತ್ತ ನೀರು ಎಲ್ಲೈತೆ?” ಎಂದು ದೊಡ್ಡತಿಮ್ಮಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಜಾಲಿಗಿಡ, ಬಂಡೆ, ಅದರಾಚೆ ಬಿಸಿಲು. ಮುಳ್ಳು ಇನ್ನೊಂದು ಕೂದಲೆಳೆ ಸರಿಯಿತು.

ಹಾಲಸ್ವಾಮಿ ನೋಡಿಲ್ಲ ಎಂದಿದ್ದನ್ನು ನೋಡುವ ಹೊತ್ತು ಬಂದುಬಿಟ್ಟಿತ್ತು. ಜಯಕ್ಕ ಮೊಣಕಾಲ ಹತ್ತಿರದ ಗುಂಡಿಗೆ ಕೈ ಹಾಕಿದಳು.

“ಲೇ ಜಯಾ, ಏನು ಮಾಡ್ತೀಯ? ತಲೆ ಕೆಟ್ಟೈತಾ? ಈ ಬಿಸಿಲಾಗೆ?”

“ಇಂಜಿನ್ನಿಗೆ ಜ್ವರ ಬಂದೈತ್ರಿ. ಅದರ ಬಿಸಿನ ನಾವು ಒಂದಿಷ್ಟು ಹೊತ್ಕಳಾಣ. ಕಿಟಕಿ ಎಲ್ಲ ಪೂರ್ತಿ ಇಳಿಸ್ರಿ.”

“ಅತ್ತಿಗೆ, ಇವತ್ತು ನನ್ನ ಮದುವೆ,” ಎಂದ ಚಿಕ್ಕತಿಮ್ಮಪ್ಪ ಮೆಲ್ಲಗೆ.

“ಅದು ನಡೀಲಿ ಅಂತಾನೇ ಕಣಪ್ಪ.”

ಗುಂಡಿ ಎಳೆದು ತಿರುಗಿಸಿದಳು. ಬೆಂಕಿಯಂಥ ಗಾಳಿ ಅವಳ ಮೊಣಕಾಲಿಗೆ ಬಡಿದು, ಸೀರೆಯ ನೆರಿಗೆಯನ್ನು ಎತ್ತಿ, ಹಿಂದಿನ ಸೀಟಿನತ್ತ ಹೋಯಿತು. ಏಕಾಂತಮ್ಮ “ಅಯ್ಯಯ್ಯಪ್ಪ, ಯಾವೋನು ಬಾಗ್ಲು ತೆಗ್ದಿದ್ದು ಒಲೇದು?” ಎಂದು ಕೂಗಿದಳು. ದೊಡ್ಡತಿಮ್ಮಪ್ಪ ಹೆಗಲ ಮೇಲಿನ ವಲ್ಲಿಯಿಂದ ತಮ್ಮನಿಗೆ ಬೀಸತೊಡಗಿದ. ಬೀಸಿದ್ದೂ ಬಿಸಿಯೇ. ಮದುಮಗನ ಪೇಟದ ಕೆಳಗಿಂದ ಬೆವರು ಇಳಿದು, ಕೆನ್ನೆಯ ಮೇಲಿಟ್ಟ ದೃಷ್ಟಿಬೊಟ್ಟನ್ನು ಕರಗಿಸಿಕೊಂಡು, ಕಾಲರಿನೊಳಗೆ ಹೋಯಿತು.

ಜಯಕ್ಕ ಮುಳ್ಳನ್ನೇ ನೋಡುತ್ತಿದ್ದಳು. ಅದು ಸರಿಯುವುದನ್ನು ನಿಲ್ಲಿಸಿತು. ಕೆಂಪಿನ ಅಂಚಿಗೆ ಬಂದ ಹಾಗೆ ಇದ್ದದ್ದು ಅಲ್ಲೇ ನಿಂತಿತು. ಏರಿನ ತಿರುವು ಮುಗಿಯುವಷ್ಟರಲ್ಲಿ, ಬಿಗುಮಾನ ಬಿಟ್ಟುಕೊಡಲು ಮನಸ್ಸಿಲ್ಲದವರ ಹಾಗೆ, ಕೊಂಚ ಕೊಂಚವೇ ಎಡಕ್ಕೆ ಬಂತು.

“ಇಳೀತು!” ಎಂದಳು ಜಯಕ್ಕ, ಚಪ್ಪಾಳೆ ತಟ್ಟುವ ಹಾಗೆ ಕೈ ಜೋಡಿಸಿ. “ಪಾಲಯ್ಯ, ಇಳೀತು ನೋಡು!”

“ಇಳೀತಕ್ಕ,” ಎಂದ ಪಾಲಯ್ಯ. ಅವನ ಮೀಸೆಯ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. “ದೊಡ್ಡ ರೇಡಿಯೇಟರ್ ಜೊತೆಗೆ ಇದೂ ಕೈ ಹಾಕ್ತು.”

ಮುಂದಿನ ದಾರಿ ಹೀಗೇ ನಡೆಯಿತು. ಬೇಯುತ್ತ ಬೇಯುತ್ತ ದೊಡ್ಡತಿಮ್ಮಪ್ಪನಿಗೂ ಒಂದು ಹುರುಪು ಬಂದಿತ್ತು. ಮುಳ್ಳು ಎಲ್ಲಿದೆ ಎಂದು ಪದೇ ಪದೇ ಕೇಳತೊಡಗಿದ. ಜಯಕ್ಕ ಹೇಳುತ್ತಿದ್ದಳು. ಲಾರಿ ದಾರಿ ಬಿಟ್ಟಿತು. ಮುಹೂರ್ತಕ್ಕೆ ತೊಂದರೆ ಇಲ್ಲ ಎಂದು ಎಲ್ಲರಿಗೂ ಅನಿಸಿತು.

ಆಗ ಗಾಳಿ ತಣ್ಣಗಾಯಿತು.

ಒಮ್ಮೆಲೇ ಅಲ್ಲ. ಮೊದಲು ಉರಿ ಕಡಿಮೆಯಾಯಿತು, ಆಮೇಲೆ ಹೊರಗಿನ ಗಾಳಿಯಷ್ಟೇ ಆಯಿತು. ಹಿಂದಿನ ಸೀಟಿನಲ್ಲಿ ಮೂವರೂ ಉಸ್ಸೆಂದು ಒರಗಿದರು. “ಆಹಾ, ದೇವರು ಕಣ್ಣು ಬಿಟ್ಟ,” ಎಂದಳು ಏಕಾಂತಮ್ಮ. ಚಿಕ್ಕತಿಮ್ಮಪ್ಪ ಪೇಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಜಯಕ್ಕ ಮಾತ್ರ ಮುಂದಕ್ಕೆ ಬಗ್ಗಿ ಅಂಗೈಯನ್ನು ಗಾಳಿ ಬರುವ ಕಂಡಿಗೆ ಒಡ್ಡಿದಳು. ಫ್ಯಾನು ತಿರುಗುತ್ತಲೇ ಇತ್ತು. ಗುಂಡಿ ಎಳೆದದ್ದು ಎಳೆದಂತೆಯೇ ಇತ್ತು. ಮುಳ್ಳು ನೋಡಿದರೆ ಕೆಂಪಿನ ಕಡೆ ಓಡುತ್ತಿತ್ತು. ಒಳಗೆ ಇಂಜಿನ್ ಅಷ್ಟು ಕಾದಿರುವಾಗ ಇಲ್ಲಿ ತಣ್ಣಗೆ ಯಾಕೆ? ಬಿಸಿಯನ್ನು ಹೊತ್ತು ತರುವುದು ನೀರು. ಬಿಸಿ ಬರುತ್ತಿಲ್ಲ ಎಂದರೆ...

“ನಿಲ್ಲಿಸು ಪಾಲಯ್ಯ! ಈಗಲೇ ನಿಲ್ಲಿಸು!”

“ಈಗ ತಾನೆ ಹಾಯಾಗೈತೆ, ಈಗ್ಯಾಕೆ ನಿಲ್ಲಿಸ್ತೀಯೆ?” ಎಂದ ದೊಡ್ಡತಿಮ್ಮಪ್ಪ.

“ನೀರು ಇಲ್ಲಿಗೆ ಬರ್ತಾ ಇಲ್ರಿ. ನೀರೇ ಇಲ್ಲ ಅದರಾಗೆ!”

ಪಾಲಯ್ಯ ಕೇಳಿದ ಕ್ಷಣವೇ ಕಾರನ್ನು ಬೇವಿನ ಮರದ ನೆರಳಿಗೆ ಒತ್ತರಿಸಿ ಇಂಜಿನ್ ಆರಿಸಿದ. ಬಾನೆಟ್ ಎತ್ತಿದರೆ ಹಬೆ ಮುಖಕ್ಕೆ ಹೊಡೆಯಿತು. ಹಬೆ ಇಳಿದ ಮೇಲೆ ಎಲ್ಲರಿಗೂ ಕಂಡಿತು. ರೇಡಿಯೇಟರಿನ ಕೆಳಗಿನ ದಪ್ಪ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲವಾಗಿ, ಪೈಪು ಅರ್ಧ ಜಾರಿತ್ತು. ಎಷ್ಟು ಹೊತ್ತಿನಿಂದ ಸುರಿಯುತ್ತಿತ್ತೋ, ಈಗ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.

“ಇನ್ನು ಅರ್ಧ ಮೈಲಿ ಓಡಿಸಿದ್ರೆ ಇಂಜಿನ್ ಹಿಡ್ಕಂಡು ನಿಂತೇ ಹೋಗ್ತಿತ್ತು,” ಎಂದ ಪಾಲಯ್ಯ. ಅವನ ದನಿ ಸಣ್ಣಗಾಗಿತ್ತು. ಹಿಂದಿನಿಂದ ಹಳೇ ಟ್ಯೂಬಿನ ಪಟ್ಟಿ, ಒಂದಿಷ್ಟು ತಂತಿ ತಂದು, ಕೈಗೆ ಗೋಣಿ ಸುತ್ತಿಕೊಂಡು ಪೈಪನ್ನು ಒಳಕ್ಕೆ ಒತ್ತಿ ಬಿಗಿಯಾಗಿ ಕಟ್ಟಿದ. ಕಟ್ಟಿದ್ದೇನೋ ಆಯಿತು, ತುಂಬುವುದಕ್ಕೆ ನೀರು ಬೇಕಲ್ಲ.

ದೊಡ್ಡತಿಮ್ಮಪ್ಪ ರಸ್ತೆಯ ಆ ಕಡೆ ಈ ಕಡೆ ನಡೆದಾಡಿದ. ಬಸ್ಸಿಲ್ಲ, ಗಾಡಿಯಿಲ್ಲ. ಅಷ್ಟರಲ್ಲಿ ಬಂಡೆಗಳ ಸಂದಿಯ ಕಾಲುದಾರಿಯಿಂದ ಹೆಂಗಸೊಬ್ಬಳು ರಸ್ತೆಗೆ ಬಂದಳು. ತಲೆಯ ಮೇಲೆ ಒಂದು ಕೊಡ, ಸೊಂಟದಲ್ಲಿ ಒಂದು. ನಡು ವಯಸ್ಸಿನವಳು, ಬಿಸಿಲಿಗೆ ಕಪ್ಪಾದ ಮುಖ. ಬಾನೆಟ್ ಎತ್ತಿದ ಕಾರು, ಕೋಟು, ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತ ಮದುಮಗ, ಹೂವಿನ ರಾಶಿ ಇವನ್ನೆಲ್ಲ ನೋಡಿ ಅವಳ ಕಾಲು ತಾನಾಗಿ ನಿಂತಿತು.

ಜಯಕ್ಕ ಅವಳ ಹತ್ತಿರ ಹೋದಳು. ಕೇಳಲು ನಾಲಿಗೆ ಏಳಲಿಲ್ಲ. ಈ ಬಿಸಿಲಿನಲ್ಲಿ ಅಷ್ಟು ದೂರದಿಂದ ಹೊತ್ತು ತಂದ ಕುಡಿಯುವ ನೀರು. “ಎಲ್ಲಿಂದ ತರ್ತೀಯವ್ವ?” ಎಂದಳು.

“ಅಗೋ ಆ ಗುಡ್ಡದಾಚೆ ಓಬಯ್ಯನ ಪಂಪ್‌ಸೆಟ್ಟಿಂದ. ಕರೆಂಟಿದ್ರೆ ಬಿಡ್ತಾನೆ.” ಅವಳ ಹೆಸರು ಕಾಟಮ್ಮ. “ಬಾಯಾರೈತಾ? ಕುಡೀರಿ.”

“ನಮಗಲ್ಲವ್ವ. ಕಾರಿಗೆ.”

ಕಾಟಮ್ಮ ಕಾರನ್ನು ನೋಡಿದಳು. “ಅದು ನೀರು ಕುಡೀತೈತಾ?”

“ಕುಡೀತೈತೆ. ಇಲ್ದಿದ್ರೆ ಉರಿದೋಗ್ತೈತೆ.”

“ಮತ್ತೆ ಇವ್ರೆಲ್ಲ ಯಾಕೆ ಹಿಂಗೆ ನೆಂದವ್ರೆ?”

ಜಯಕ್ಕನಿಗೆ ಅಂಥ ಗಳಿಗೆಯಲ್ಲೂ ನಗು ಬಂತು. ನಗುತ್ತಲೇ ಎಲ್ಲ ಹೇಳಿದಳು. ಇಂಜಿನ್ನಿನ ಬಿಸಿಯನ್ನು ತಾವು ಹೇಗೆ ಹಂಚಿಕೊಂಡೆವು, ಅದು ತಣ್ಣಗಾದದ್ದು ಯಾಕೆ ಕೆಟ್ಟದ್ದು ಎಂಬುದನ್ನೆಲ್ಲ. ಕಾಟಮ್ಮ ಸೊಂಟದ ಕೊಡವನ್ನು ಇಳಿಸದೆಯೇ ಕೇಳಿದಳು. ಕೊನೆಗೆ ಅದನ್ನೂ ತಲೆಯ ಮೇಲಿನದನ್ನೂ ಇಳಿಸಿದಳು. “ಒಂದು ಕೊಡ ಸಾಕಾ ಎರಡೂ ಬೇಕಾ? ನಾನು ಮತ್ತೆ ಹೋಗಿ ತರ್ತೀನಿ ಬಿಡು. ಮದುವೆ ಮತ್ತೆ ಬರ್ತೈತಾ? ಮೊದ್ಲು ಆ ಹುಡುಗ ಒಂದು ಬೊಗಸೆ ಕುಡೀಲಿ. ಬಾಡಿದ ಸೊಪ್ಪಾಗವ್ನೆ.”

ಚಿಕ್ಕತಿಮ್ಮಪ್ಪ ಬೊಗಸೆಯೊಡ್ಡಿ ಕುಡಿದ. ಏಕಾಂತಮ್ಮ ಮರದಡಿಯಲ್ಲಿ ಕೂತಿದ್ದವಳು ಎದ್ದು ಬಂದು, ಅತ್ತ ಇತ್ತ ನೋಡದೆ, ಬಾಳೆಲೆ ಬಿಚ್ಚಿ ಒಂದು ಮೊಳ ಮಲ್ಲಿಗೆ ಕಾಟಮ್ಮನ ಮುಡಿಗೆ ಸಿಕ್ಕಿಸಿದಳು. ಡಬ್ಬದ ನೀರಿನ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಏಕಾಂತಮ್ಮನಿಗೆ ತನ್ನ ತಪ್ಪು ಚುಚ್ಚಲು ಅಷ್ಟು ಸಾಕಾಗಿತ್ತು.

ಇಂಜಿನ್ ಆರುವ ತನಕ ಪಾಲಯ್ಯ ಯಾರನ್ನೂ ಹತ್ತಿರ ಬಿಡಲಿಲ್ಲ. “ಕಾದ ಹೆಂಚಿಗೆ ತಣ್ಣೀರು ಬಿದ್ದ ಹಾಗೆ, ಸಿಡಿದು ಹೋಗ್ತೈತೆ,” ಎಂದ. ಆಮೇಲೆ ಗೋಣಿ ಹಿಡಿದು ಮುಚ್ಚಳ ತೆಗೆದು, ಇಂಜಿನ್ ಚಾಲೂ ಮಾಡಿ, ಸಣ್ಣಗೆ ಧಾರೆ ಕಟ್ಟಿ ಸುರಿದ. ಮೊದಲ ಕೊಡ ಗಟಗಟನೆ ಹೋಯಿತು. ಎರಡನೆಯದರಲ್ಲಿ ಅರ್ಧ ಹೋಯಿತು. ಬಾಯಿಯ ತನಕ ನೀರು ಕಂಡಿತು.

“ಒಳಗೆಲ್ಲ ತುಂಬೈತೋ, ಎಲ್ಲಾದ್ರೂ ಗಾಳಿ ಸಿಕ್ಕಂಡೈತೋ ಹೆಂಗೆ ಗೊತ್ತಾಗಾದು?” ಎಂದ ದೊಡ್ಡತಿಮ್ಮಪ್ಪ.

ಜಯಕ್ಕ ಆಗಲೇ ಒಳಗೆ ಕೂತು ಕಂಡಿಗೆ ಕೈಯೊಡ್ಡಿದ್ದಳು. ತಣ್ಣನೆ ಗಾಳಿ. ಇನ್ನೂ ತಣ್ಣನೆ. ಪೈಪಿನಲ್ಲಿ ಗುಳುಗುಳು ಎಂದಿತು. ಪಾಲಯ್ಯ ಇನ್ನೊಂದಿಷ್ಟು ನೀರು ಹಾಕಿ, ಮಿಕ್ಕಿದ್ದನ್ನು ಡಬ್ಬಕ್ಕೆ ಬಗ್ಗಿಸಿಕೊಂಡ. ಹೊರಗಿನವರೆಲ್ಲ ಅವಳ ಮುಖ ನೋಡುತ್ತ ನಿಂತಿದ್ದರು, ಕಾಟಮ್ಮ ಸಹ. ಅಂಗೈಗೆ ಏನೋ ಬೆಚ್ಚಗೆ ತಾಗಿದ ಹಾಗಾಯಿತು. ಭ್ರಮೆಯೇನೋ ಎಂದು ಕೈ ತಿರುಗಿಸಿ ಹಿಂಗೈ ಒಡ್ಡಿದಳು.

“ಬಿಸಿ ಬಂತು!” ಎಂದು ಕೂಗಿದಳು. “ಬಂತ್ರಿ, ಬಿಸಿ ಬಂತು!”

ವೈಶಾಖದ ಉರಿಬಿಸಿಲಿನಲ್ಲಿ ಬಿಸಿಗಾಳಿ ಬಂತೆಂದು ಅಷ್ಟು ಜನ ಖುಷಿಪಟ್ಟದ್ದು ಆ ಸೀಮೆಯಲ್ಲಿ ಅದೇ ಮೊದಲಿರಬೇಕು. ದೊಡ್ಡತಿಮ್ಮಪ್ಪ ತಾನೇ ಬಂದು ಕೈಯೊಡ್ಡಿ ನೋಡಿದ. ಕಾಟಮ್ಮನೂ ನೋಡಿದಳು, ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡು ನಕ್ಕಳು. ಜಯಕ್ಕ ಅವಳನ್ನು ಮದುವೆ ಊಟಕ್ಕೆ ಕರೆದಳು. “ಎಮ್ಮೆ ಕರು ಹಾಕೈತವ್ವ, ಬಿಟ್ಟು ಬರಂಗಿಲ್ಲ,” ಎಂದು ಕಾಟಮ್ಮ ಖಾಲಿ ಕೊಡಗಳನ್ನೆತ್ತಿಕೊಂಡು ಬಂದ ದಾರಿಯಲ್ಲೇ ಗುಡ್ಡದ ಕಡೆ ತಿರುಗಿದಳು. ಅವಳ ಮುಡಿಯ ಮಲ್ಲಿಗೆ ಬಂಡೆಗಳ ನಡುವೆ ಬಹಳ ದೂರದ ತನಕ ಬೆಳ್ಳಗೆ ಕಾಣುತ್ತಿತ್ತು.

ಉಳಿದ ದಾರಿಯುದ್ದಕ್ಕೂ ಗುಂಡಿ ಎಳೆದೇ ಇತ್ತು. ಈಗ ಯಾರೂ ಗೊಣಗಲಿಲ್ಲ. ಗಾಳಿಯ ಉರಿ ಒಂಚೂರು ತಗ್ಗಿತು ಅನಿಸಿದರೂ ಸಾಕು, ಹಿಂದಿನಿಂದ ಏಕಾಂತಮ್ಮನೇ “ಜಯಾ, ಬಿಸಿ ಬರ್ತೈತೇನೆ?” ಎಂದು ಕೇಳುತ್ತಿದ್ದಳು. ಕೋಟೆಯ ಬಂಡೆಗಳು ಕಂಡಾಗ ಪಾಲಯ್ಯ ಮೊದಲ ಸಲ ಸೀಟಿಗೆ ಬೆನ್ನು ಕೊಟ್ಟ.

ಛತ್ರದ ಬಾಗಿಲಲ್ಲಿ ಹೆಣ್ಣಿನ ಸೋದರಮಾವ ಜುಂಜಯ್ಯ ದಾರಿ ಕಾಯುತ್ತ ನಿಂತಿದ್ದ. ಕಾರಿನಿಂದ ಇಳಿದ ಮದುಮಗನ ಮುಖ ಕೆಂಪು, ಕೂದಲು ಹಣೆಗೆ ಅಂಟಿತ್ತು, ಕಣ್ಣಿನ ಕಾಡಿಗೆ ಗಲ್ಲದ ತನಕ ಇಳಿದಿತ್ತು. ಜುಂಜಯ್ಯ ಗಾಬರಿಯಾಗಿ ಅವನ ಹಣೆ ಮುಟ್ಟಿದ. “ಏನ್ರಿ ಇದು, ಹುಡುಗನಿಗೆ ಜ್ವರ ಕುದೀತಾ ಐತಲ್ರಿ!”

“ಕಾರಿನ ಜ್ವರ,” ಎಂದ ಚಿಕ್ಕತಿಮ್ಮಪ್ಪ. “ನಾನು ತಗಂಡೆ.”

ಅವನನ್ನು ಬಚ್ಚಲಿಗೆ ಕರೆದೊಯ್ದು ನಾಲ್ಕು ಚೊಂಬು ನೀರು ಸುರಿದು, ಬೇರೆ ಪಂಚೆ ಉಡಿಸಿ ಹಸೆಗೆ ತಂದು ನಿಲ್ಲಿಸುವಷ್ಟರಲ್ಲಿ ಪುರೋಹಿತರ ಗಂಟಲು ಒಣಗಿತ್ತು. ಆದರೂ ತಾಳಿ ಮುಹೂರ್ತದೊಳಗೇ ಬಿತ್ತು. ಗಟ್ಟಿಮೇಳ ಬಾರಿಸುವಾಗ ದೊಡ್ಡತಿಮ್ಮಪ್ಪ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಓಲಗದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. “ಏನಂದ್ರಿ?” ಎಂದಳು. “ಏನಿಲ್ಲ, ಅಕ್ಷತೆ ಹಾಕು,” ಎಂದ.

ಮಾರನೆಯ ದಿನ ಬೆಳಿಗ್ಗೆ ಹಾಲಸ್ವಾಮಿ ಬಂದು ಹೊಸ ಕ್ಲಿಪ್ಪು ಹಾಕಿಕೊಟ್ಟ. ಜಯಕ್ಕ ಮುಳ್ಳು ಇಳಿದದ್ದನ್ನೂ ಗಾಳಿ ತಣ್ಣಗಾದದ್ದನ್ನೂ ಹೇಳಿದಾಗ ಅವನು ಕೈಯ ಸ್ಪ್ಯಾನರ್ ಕೆಳಗಿಟ್ಟು ಕೇಳಿ, ಮತ್ತೊಂದು ಸಲ ಹೇಳಿಸಿದ. ತಂಪು ಹೊತ್ತಿನಲ್ಲೇ ಹೊರಡಬೇಕೆಂದು ಎಲ್ಲರೂ ಅವಸರ ಮಾಡುತ್ತಿದ್ದರು. ಅಣ್ಣತಮ್ಮ ಇಬ್ಬರೂ ಪಾಲಯ್ಯನ ಪಕ್ಕದಲ್ಲಿ ಒತ್ತಿಕೊಂಡು ಕೂತರು. ಹಿಂದೆ ಜಯಕ್ಕ, ಏಕಾಂತಮ್ಮ, ನಡುವೆ ಮದುಮಗಳು ಚಂದ್ರಕ್ಕ.

ಚಂದ್ರಕ್ಕ ಚಿತ್ರದುರ್ಗದ ಕಾಲೇಜಿನಲ್ಲಿ ಪಿಯುಸಿ ಓದಿದ್ದವಳು. ಅತ್ತು ಕಣ್ಣೊರೆಸಿಕೊಂಡ ಸೆರಗು ಇನ್ನೂ ಒದ್ದೆಯಿತ್ತು. ಊರು ದಾಟಿ, ಜೋಗಿಮಟ್ಟಿಯ ಕಾಡು ಎಡಕ್ಕೆ ಸರಿದುಹೋಗುವ ತನಕ ತಲೆಯೆತ್ತಲಿಲ್ಲ. ಆಮೇಲೆ ಮೆಲ್ಲಗೆ, “ಅಕ್ಕಾ, ನಿನ್ನೆ ಕಾರಿನಾಗೆ ಏನೋ ಆಯ್ತಂತೆ. ಎಲ್ರೂ ಒಂದೊಂದು ಥರ ಹೇಳ್ತಾ ಇದ್ರು,” ಎಂದಳು.

ವಾರಗಿತ್ತಿಯ ಜೊತೆ ಮೊದಲ ಮಾತು ಏನಾಡುವುದೆಂದು ಜಯಕ್ಕ ಯೋಚಿಸುತ್ತಲೇ ಇದ್ದ ಹೊತ್ತು ಅದು. ಹೇಳಿದಳು. ಇಂಜಿನ್ ನೀರಿಗೆ ಎರಡು ದಾರಿ ಇರುವುದು, ಒಂದು ಹೊರಗಿನ ಗಾಳಿಗೆ, ಇನ್ನೊಂದು ನಮ್ಮ ಕಾಲಿಗೆ ಬಿಸಿ ಕೊಡುವುದು, ಹೊರಗಿನ ದಾರಿಯ ಬಾಯಿಗೆ ಒಂದು ಮುಚ್ಚಳ ಇರುವುದು, ಹೊರಗಿನದು ಸೋತಾಗ ಒಳಗಿನದು ಹೆಗಲು ಕೊಟ್ಟದ್ದು. ಚಂದ್ರಕ್ಕ ನಡುನಡುವೆ ‘ಹೂಂ’ ಎನ್ನುತ್ತ ಕೇಳಿದಳು. ಕೇಳಿ ಮುಗಿದ ಮೇಲೆ ಹುಬ್ಬು ಗಂಟಿಕ್ಕಿಕೊಂಡು ಮುಂದಿನ ಡ್ಯಾಶ್‌ಬೋರ್ಡಿನತ್ತ ಬಗ್ಗಿ ನೋಡಿದಳು.

“ಅಕ್ಕಾ, ಹಂಗಾದ್ರೆ ಚಳಿಗಾಲದಾಗೆ ಆ ದೊಡ್ಡ ರೇಡಿಯೇಟರ್ ಮುಂದೆ ಒಂದು ಗೋಣಿತಾಟು ಅಡ್ಡ ಕಟ್ಟಿದ್ರೆ? ಹೊರಗಿನ ಗಾಳಿ ತಾಗದೆ ನೀರು ಬೇಗ ಬಿಸಿಯಾಗಾದಿಲ್ವ? ಆಗ ಒಳಗೂ ಬೇಗ ಬಿಸಿ ಬರ್ಬೇಕಲ್ಲ? ಇಲ್ಲ, ನೀರು ಕಾಯಾ ತನಕ ಆ ಮುಚ್ಚಳ ಹೆಂಗೂ ಮುಚ್ಚೇ ಇರ್ತೈತಾ?”

ಮುಂದಿನ ಸೀಟಿನಿಂದ ದೊಡ್ಡತಿಮ್ಮಪ್ಪ ತಿರುಗಿ ನೋಡಿದ. “ಲೇ ಚಿಕ್ಕ,” ಎಂದ ತಮ್ಮನಿಗೆ, “ಮನೇಲಿ ಇನ್ನೊಂದು ಮೆಷಿನ್ನೂ ಬಿಚ್ಚಿದಂಗೆ ಕಣೋ.”

ಈ ಮಾತು ಜಯಕ್ಕನ ತಲೆಗೆ ಹೊಳೆದೇ ಇರಲಿಲ್ಲ. ಕಿಟಕಿಯ ಕಡೆ ಚಾಚಿದ್ದ ಕಾಲು ಮಡಿಸಿಕೊಂಡು, ಹುಡುಗಿಯ ಕಡೆಗೆ ಪೂರ್ತಿ ತಿರುಗಿ ಕೂತಳು.

“ಇನ್ನೊಂದು ಸಲ ಹೇಳು,” ಎಂದಳು. “ನಿಧಾನಕ್ಕೆ ಹೇಳು.”